ಜೀವ ಮೊದಲು ಹುಟ್ಟಿದ್ದು ಸರೋವರದಲ್ಲಾ?

ಪರ: ಹೌದು, ಸೋಡಾ ಸರೋವರದಲ್ಲೇ

ಡಿಎನ್‌ಎ, ಆರ್‌ಎನ್‌ಎ, ಜೀವಕೋಶದ ಪೊರೆ, ಎಲ್ಲಕ್ಕೂ ರಂಜಕ ಬೇಕೇ ಬೇಕು. ಸಮುದ್ರದಲ್ಲಿ ಅದು ಕರಗಿರುವುದು ತೀರಾ ಕಮ್ಮಿ. ಕ್ಯಾಲ್ಸಿಯಂ ಅದನ್ನು ಹಿಡಿದು ಗಟ್ಟಿ ಖನಿಜ ಮಾಡಿ ತಳಕ್ಕೆ ಇಳಿಸಿಬಿಡುತ್ತದೆ.

ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುತ್ತೇನೆ. ಲ್ಯಾಬಿನಲ್ಲಿ ರಂಜಕವಿರುವ ಸೋಡಿಯಂ ಫಾಸ್ಫೇಟ್ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಹನಿಸಿದರೆ ತಿಳಿನೀರು ಕ್ಷಣದಲ್ಲೇ ಮಜ್ಜಿಗೆಯಂತಾಗುತ್ತದೆ. ಒಮ್ಮೆ ಒಬ್ಬಳು ವಿದ್ಯಾರ್ಥಿನಿ, "ಸರ್, ಕ್ಯಾಲ್ಸಿಯಂ ಮೊದಲೇ ತೆಗೆದುಬಿಟ್ಟರೆ?" ಅಂದಳು. ಮಾಡಿಯೇ ನೋಡಿದೆವು. ಕ್ಯಾಲ್ಸಿಯಂ ನೀರಿಗೆ ಮೊದಲು ವಾಷಿಂಗ್ ಸೋಡಾ ಜಾಸ್ತಿಯೇ ಹಾಕಿ, ತಳದಲ್ಲಿ ಕೂತ ಬಿಳಿ ಗಸಿ ಸೋಸಿ, ಆಮೇಲೆ ಫಾಸ್ಫೇಟ್ ಬೆರೆಸಿದೆವು. ನೀರು ತಿಳಿಯಾಗೇ ಉಳಿಯಿತು! ಇಡೀ ತರಗತಿ ಬೀಕರ್ ಸುತ್ತ ನಿಂತಿತ್ತು.

ವಾಷಿಂಗ್ ಸೋಡಾದಂಥ ಕಾರ್ಬೊನೇಟ್ ತುಂಬಿದ ಸೋಡಾ ಸರೋವರದಲ್ಲೂ ನಡೆಯುವುದು ಇದೇ. ಕ್ಯಾಲ್ಸಿಯಂ ಕಾರ್ಬೊನೇಟಿನ ಪಾಲಾಗುತ್ತದೆ, ಫಾಸ್ಫೇಟ್ ನೀರಲ್ಲೇ ಉಳಿಯುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಲಾಸ್ಟ್ ಚಾನ್ಸ್ ಲೇಕ್ ಅಂತ ಒಂದಿದೆ. ಆಳ ಬರೀ ಒಂದಡಿ, ಅಡಿಯಲ್ಲಿ ಜ್ವಾಲಾಮುಖಿಯ ಬಸಾಲ್ಟ್ ಕಲ್ಲು. ಅಲ್ಲಿನ ಫಾಸ್ಫೇಟ್ ಮಾಮೂಲಿ ಸಮುದ್ರ, ಸರೋವರಗಳಿಗಿಂತ ಸುಮಾರು ಸಾವಿರ ಪಟ್ಟು ಜಾಸ್ತಿ ಅಂತ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದರು. ಬೇಸಿಗೆ ಮುಗಿಯುವಷ್ಟರಲ್ಲಿ ನೀರು ಆರಿ ಉಪ್ಪು ಹೆಪ್ಪುಗಟ್ಟುತ್ತದೆ. ಹಾಗೆ ಆರುವಾಗಲೇ ಚಿಕ್ಕ ಅಣುಗಳು ಒತ್ತೊತ್ತಾಗಿ ಸೇರಿ ಸರಪಳಿಯಾಗುವುದು. ಸಮುದ್ರ ಆರುತ್ತದಾ? ಜೀವ ಹುಟ್ಟಿದ್ದು ಕಡಲ ತಳದ ಬಿಸಿನೀರಿನ ಬುಗ್ಗೆಯಲ್ಲಿ ಅನ್ನುವವರು ರಂಜಕ ಎಲ್ಲಿಂದ ಬಂತು ಅಂತ ಮೊದಲು ಹೇಳಲಿ.

ವಿರೋಧ: ಕಡಲ ತಳವೂ ಇದೆ

ವಿರೋಧದ ಕಡೆ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಸರೋವರದ ವಾದದಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ರಂಜಕದ ಮಾತು ಹಾಗಿರಲಿ. ಸಾಮಾನು ಇದ್ದರೆ ಸಾಲದು, ನಿಲ್ಲದೆ ಹರಿಯುವ ಶಕ್ತಿಯೂ ಬೇಕಲ್ವಾ? ಅಟ್ಲಾಂಟಿಕ್ ತಳದಲ್ಲಿ 2000ದಲ್ಲಿ ಸಿಕ್ಕ ಲಾಸ್ಟ್ ಸಿಟಿ ಬುಗ್ಗೆಗಳಲ್ಲಿ ಕಲ್ಲು ಮತ್ತು ನೀರು ಕೂಡಿ ಸಾವಿರಾರು ವರ್ಷಗಳಿಂದ ಹೈಡ್ರೋಜನ್ ಹೊಮ್ಮುತ್ತಲೇ ಇದೆ. ಅಂಥ ಬುಗ್ಗೆಯ ನೀರು ಕ್ಷಾರ, ಆಗಿನ ಕಡಲ ನೀರು ಹುಳಿ. ಹುಳಿ ನೀರಲ್ಲಿ ಪ್ರೋಟಾನು ಜಾಸ್ತಿ, ಕ್ಷಾರ ನೀರಲ್ಲಿ ಕಮ್ಮಿ; ಹಾಗಾಗಿ ಎರಡರ ನಡುವೆ ಪ್ರೋಟಾನುಗಳ ಏರುಪೇರು. ನಮ್ಮ ಜೀವಕೋಶಗಳು ಇವತ್ತಿಗೂ ಶಕ್ತಿ ಮಾಡಿಕೊಳ್ಳುವುದು ಪೊರೆಯ ಎರಡು ಬದಿಯ ಇಂಥದೇ ಏರುಪೇರಿನಿಂದ.

ಉಪ್ಪುನೀರು ಆರಿದರೆ ಸಾಕು ಅನ್ನುವುದಾದರೆ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲೂ ಪ್ರತಿ ಬೇಸಿಗೆ ಹೊಸ ಜೀವ ಹುಟ್ಟಬೇಕಿತ್ತು. ಜೀವ ಹುಟ್ಟಿದ ಕಾಲದಲ್ಲಿ ಅತಿನೇರಳೆ ಕಿರಣ ತಡೆಯುವ ಓಝೋನ್ ಪದರ ಕೂಡ ಇರಲಿಲ್ಲ. ಒಂದಡಿ ನೀರು, ಅದೂ ಆರಿಹೋಗುವ ನೀರು, ಆ ಅತಿನೇರಳೆ ಬಿಸಿಲಿನಿಂದ ಅಣುಗಳನ್ನು ಎಷ್ಟು ದಿನ ಕಾಯುತ್ತಿತ್ತು?