ಬುದ್ಧನ ಡುಪ್ಲಿಕೇಟು

ಕನ್ನಡದಲ್ಲಿ ‘ಡುಪ್ಲಿಕೇಟ್’ ಎಂದರೆ ಬೈಗುಳ. ಡುಪ್ಲಿಕೇಟ್ ಡಾಕ್ಟರು, ಡುಪ್ಲಿಕೇಟ್ ಚಿನ್ನ, ಡುಪ್ಲಿಕೇಟ್ ಸ್ವಾಮಿ. ಬ್ರಿಟಿಷ್ ಸರ್ಕಾರದ ಕಡತದಲ್ಲಿ ಮಾತ್ರ ಅದಕ್ಕೆ ಬಹಳ ಮರ್ಯಾದಸ್ಥ ಅರ್ಥವಿತ್ತು. ಒಂದೇ ಥರದ್ದು ಎರಡಿದ್ದರೆ ಒಂದು ನಮ್ಮವರಿಗಿರಲಿ, ಅಷ್ಟೇ. 1898ರಲ್ಲಿ ಈಗಿನ ಉತ್ತರ ಪ್ರದೇಶದ ಪಿಪ್ರಾಹ್ವಾದ ಸ್ತೂಪದಿಂದ ಅಗೆದು ತೆಗೆದ ರತ್ನಗಳಲ್ಲಿ ಸುಮಾರು ಐದನೇ ಒಂದು ಪಾಲು ಎಸ್ಟೇಟಿನ ದೊರೆ ವಿಲಿಯಂ ಪೆಪ್ಪೆಯ ಮನೆ ಸೇರಿದ್ದು ಈ ಅರ್ಥದಲ್ಲೇ. ಎರಡು ಸಾವಿರ ವರ್ಷಗಳ ಹಿಂದೆ ಯಾರೋ ಭಕ್ತರು ಬುದ್ಧನ ಮೂಳೆಯ ಜೊತೆ ಎರಡು ಮುತ್ತು ಇಟ್ಟಿದ್ದರಂತೆ. ಒಂದು ಮುತ್ತು ಭಕ್ತಿ, ಎರಡನೆಯದು ಡುಪ್ಲಿಕೇಟು.

ಕಳೆದ ವರ್ಷದ ಹರಾಜಿನ ಗಲಾಟೆ ನಿಮಗೆ ಗೊತ್ತೇ ಇದೆ. ಪೆಪ್ಪೆಯ ವಂಶಸ್ಥರು ಆ ಪಾಲನ್ನು ಸೋಥೆಬಿ ಎಂಬ ಹರಾಜು ಕಂಪನಿಯವರ ಮೂಲಕ ಹಾಂಕಾಂಗ್‌ನಲ್ಲಿ ಕೂಗಿಸಲು ಹೊರಟರು. ದಿನ 2025ರ ಮೇ 7, ಅಂದರೆ ಬುದ್ಧ ಪೂರ್ಣಿಮೆಗೆ ಸರಿಯಾಗಿ ಐದು ದಿನ ಮೊದಲು. ಬರಬಹುದೆಂದು ಲೆಕ್ಕ ಹಾಕಿದ ಮೊತ್ತ ಸುಮಾರು ಹತ್ತು ಕೋಟಿ ಹಾಂಕಾಂಗ್ ಡಾಲರ್. ಹಬ್ಬದ ಸೀಸನ್ ಹಿಡಿಯುವುದನ್ನು ಈ ವ್ಯಾಪಾರಿಗಳಿಂದಲೇ ಕಲಿಯಬೇಕು.

ಮರಿಮೊಮ್ಮಗ ಕೊಟ್ಟ ಸಮಜಾಯಿಷಿ ಇನ್ನೂ ರುಚಿ. ಈ ಪವಿತ್ರ ವಸ್ತುಗಳನ್ನು ಬೌದ್ಧರ ಕೈಗೆ ಮುಟ್ಟಿಸಲು ಹರಾಜೇ ಅತ್ಯಂತ ನ್ಯಾಯವಾದ, ಪಾರದರ್ಶಕವಾದ ದಾರಿ ಎಂದು ಅವರಿಗೆ ಕಂಡಿತಂತೆ. ಅಷ್ಟಾಂಗ ಮಾರ್ಗಕ್ಕೆ ಒಂಬತ್ತನೆಯ ಅಂಗ ಸಿಕ್ಕಿತು: ಸಮ್ಯಕ್ ಹರಾಜು.

ಈಗ ಒಬ್ಬ ಭಿಕ್ಖು ಆ ಹರಾಜಿಗೆ ಹೋದ ಎಂದಿಟ್ಟುಕೊಳ್ಳೋಣ. ಬೌದ್ಧರಿಗೇ ಮುಟ್ಟಬೇಕಲ್ಲ, ಅವನಿಗಿಂತ ಬೌದ್ಧ ಯಾರು? ಮೊದಲ ತೊಡಕು ದುಡ್ಡಿನದು. ಥೇರವಾದದ ಭಿಕ್ಖುವಿಗಿರುವ 227 ನಿಯಮಗಳಲ್ಲಿ ಒಂದು, ಚಿನ್ನ ಬೆಳ್ಳಿ ಮುಟ್ಟಕೂಡದು ಎನ್ನುತ್ತದೆ. ಮುಟ್ಟಿದರೆ ಏನು ಮಾಡಬೇಕು ಎಂಬುದನ್ನೂ ಭಿಕ್ಖುಗಳ ನಿಯಮಗ್ರಂಥವಾದ ವಿನಯಪಿಟಕ ಹೇಳಿದೆ. ಅದನ್ನು ಓದಿದರೆ ಯಾವ ಚಾರ್ಟರ್ಡ್ ಅಕೌಂಟೆಂಟಿಗೂ ಜ್ವರ ಬರುತ್ತದೆ. ತಪ್ಪು ಮಾಡಿದವನು ಆ ಹಣವನ್ನು ಸಂಘದ ಎದುರು ಒಪ್ಪಿಸಬೇಕು. ಮಠಕ್ಕೆ ಬಂದ ಗೃಹಸ್ಥನಿಗೆ ಅದನ್ನು ತೋರಿಸಬಹುದು. ‘ಇದರಿಂದ ಏನು ತರಲಿ?’ ಎಂದು ಅವನು ಕೇಳಿದರೆ ‘ಇಂಥದ್ದು ತಾ’ ಎನ್ನುವಂತಿಲ್ಲ. ತುಪ್ಪ, ಎಣ್ಣೆ, ಜೇನು, ಬೆಲ್ಲ ಭಿಕ್ಖುಗಳಿಗೆ ಸಲ್ಲುತ್ತವೆ ಎಂದು ಸುಮ್ಮನೆ ಗಾಳಿಗೆ ಹೇಳಿದ ಹಾಗೆ ಹೇಳಬಹುದು. ಅವನು ತಂದರೆ ಎಲ್ಲರೂ ತಿನ್ನಬಹುದು, ಹಣ ಮುಟ್ಟಿದವನೊಬ್ಬನನ್ನು ಬಿಟ್ಟು. ಗೃಹಸ್ಥ ಒಪ್ಪದಿದ್ದರೆ ಅದನ್ನು ಎಸೆದುಬಿಡಲು ಅವನನ್ನೇ ಕೇಳಬೇಕು. ಅದಕ್ಕೂ ಒಪ್ಪದಿದ್ದರೆ ಸಂಘವು ಒಬ್ಬ ಭಿಕ್ಖುವನ್ನು ‘ರೂಪಿಯಛಡ್ಡಕ’ನನ್ನಾಗಿ ನೇಮಿಸಬೇಕು, ಅಂದರೆ ಹಣ ಎಸೆಯುವವ. ಹುದ್ದೆಗೆ ಅರ್ಹತೆ ಐದು: ಆಸೆ, ದ್ವೇಷ, ಮೋಹ, ಭಯಗಳಿಗೆ ಬಗ್ಗದವನಾಗಿರಬೇಕು, ಯಾವುದನ್ನು ಎಸೆದೆ, ಯಾವುದನ್ನು ಎಸೆದಿಲ್ಲ ಎಂಬ ಎಚ್ಚರವಿರಬೇಕು. ಎಸೆಯುವಾಗ ಎಲ್ಲಿ ಬಿತ್ತು ಎಂದು ಗುರುತಿಟ್ಟುಕೊಳ್ಳುವಂತಿಲ್ಲ. ಗುರುತಿಟ್ಟುಕೊಂಡರೆ ಅವನ ತಲೆಗೂ ಒಂದು ಅಪರಾಧ.

ಆ ಗುರುತಿನ ನಿಯಮ ಬರೆದವನಿಗೆ ಮನುಷ್ಯರ ಬಗ್ಗೆ ಎಷ್ಟು ಗೊತ್ತಿತ್ತು ನೋಡಿ.

ಎರಡನೆಯ ತೊಡಕು ಸರಕಿನದೇ. ವಿಹಾರದ ಅಥವಾ ತಾನು ತಂಗಿದ ಮನೆಯ ಒಳಗಲ್ಲದೆ ಬೇರೆಲ್ಲೂ ಭಿಕ್ಖು ರತ್ನವನ್ನು ಎತ್ತಿಕೊಳ್ಳುವಂತಿಲ್ಲ. ಅಲ್ಲಿ ಎತ್ತಿಕೊಂಡರೂ ಅದು ಕಳೆದುಕೊಂಡವನಿಗೆ ಮರಳಿಸಲಿಕ್ಕೆ. ಈ ನಿಯಮದ ಹಿಂದೆ ಒಂದು ಕಥೆಯಿದೆ. ಸ್ನಾನಕ್ಕೆ ಬಂದ ಬ್ರಾಹ್ಮಣನೊಬ್ಬ ಅಚಿರವತಿ ನದಿಯ ದಡದಲ್ಲಿ ಐನೂರು ನಾಣ್ಯಗಳ ಚೀಲ ಮರೆತು ಹೋದ. ಭಿಕ್ಖುವೊಬ್ಬ ಎತ್ತಿಟ್ಟು ಹಿಂದಿರುಗಿಸಿದ. ವಾಡಿಕೆಯಂತೆ ನೂರಕ್ಕೆ ಐದರ ಬಹುಮಾನ ಕೊಡಬೇಕಾದೀತಲ್ಲ ಎಂದು ಬ್ರಾಹ್ಮಣ ‘ನನ್ನದು ಐನೂರಲ್ಲ, ಸಾವಿರ ಇತ್ತು’ ಎಂದು ಭಿಕ್ಖುವನ್ನೇ ತಡೆದು ನಿಲ್ಲಿಸಿದ! ಪೆಪ್ಪೆಗೆ ಈ ಕಷ್ಟವಿರಲಿಲ್ಲ. ಅವನಿಗೆ ಸಿಕ್ಕಿದ್ದು ನೂರಕ್ಕೆ ಇಪ್ಪತ್ತರಂತೆ, ಸರ್ಕಾರದ ಒಪ್ಪಿಗೆಯ ಮೇಲೆ.

ಉಳಿದದ್ದರ ಹಂಚಿಕೆಯನ್ನೂ ನೋಡಬೇಕು. 1878ರ ನಿಧಿ ಕಾಯ್ದೆಯ ಬಲದಲ್ಲಿ ಸರ್ಕಾರ ಎಲ್ಲವನ್ನೂ ತನ್ನದೆಂದಿತು. ಮೂಳೆ ಇಟ್ಟಿದ್ದ ಕರಂಡಕಗಳು ಮತ್ತು ರತ್ನಗಳ ದೊಡ್ಡ ಪಾಲು ಕಲ್ಕತ್ತದ ಮ್ಯೂಸಿಯಮ್ಮಿಗೆ. ಮೂಳೆ, ಬೂದಿ ಸಯಾಮಿನ ದೊರೆ ಚುಲಾಲಾಂಗ್‌ಕೋರ್ನನಿಗೆ. ಬೌದ್ಧ ದೊರೆಯನ್ನು ಸಂತೋಷಪಡಿಸಿದಂತೆಯೂ ಆಯಿತು, ಮೂಳೆ ಕಾಯುವ ಖರ್ಚೂ ಉಳಿಯಿತು. ನಂಬುವವರಿಗೆ ಮೂಳೆ, ಆಳುವವರಿಗೆ ಮುತ್ತು. ಇದೊಂದು ಸೂತ್ರ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಂಚಿಕೆಯಲ್ಲಿ ಕೈಚಳಕ ತೋರಿದವರು ಪಶ್ಚಿಮದವರೇ ಮೊದಲು ಎಂದರೆ ನಮ್ಮವರಿಗೆ ಅನ್ಯಾಯವಾದೀತು. ಬುದ್ಧನ ಚಿತೆ ಆರುವ ಮೊದಲೇ ಕುಸಿನಾರದ ಮುಂದೆ ಏಳು ಕಡೆಯವರು ಪಾಲು ಕೇಳಿ ನಿಂತಿದ್ದರು. ‘ನನ್ನ ದೇಹದ ಪೂಜೆಯ ಗೊಡವೆಗೆ ಹೋಗಬೇಡಿ’ ಎಂದು ಆನಂದನಿಗೆ ಹೇಳಿಯೇ ಬುದ್ಧ ಕಣ್ಣು ಮುಚ್ಚಿದ್ದ. ಯಾರು ಕೇಳುತ್ತಾರೆ? ಕೊನೆಗೆ ದ್ರೋಣನೆಂಬ ಬ್ರಾಹ್ಮಣ ‘ಸಹನೆ ಕಲಿಸಿದವನ ಮೂಳೆಗಾಗಿ ಹೊಡೆದಾಡುತ್ತೀರಾ?’ ಎಂದು ಗದರಿ ಎಂಟು ಪಾಲು ಮಾಡಿದ. ಕೂಲಿಯಾಗಿ ಅಳತೆಯ ಕೊಡವನ್ನು ಇಟ್ಟುಕೊಂಡ. ತಡವಾಗಿ ಬಂದ ಪಿಪ್ಫಲಿವನದ ಮೋರಿಯರಿಗೆ ಇದ್ದಿಲು. ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಾದರೇನು ಎನ್ನುತ್ತೇವಲ್ಲ, ಇಲ್ಲಿ ಬಡಿಸುವವ ಯಾರವನೂ ಆಗಿರಲಿಲ್ಲ, ತನ್ನವನೇ ಆಗಿದ್ದ. ಪಾಲಿಯ ವ್ಯಾಖ್ಯಾನವಾದ ಅಟ್ಠಕಥೆ ಹೇಳುವಂತೆ ಅವನು ಹಂಚುವಾಗಲೇ ಒಂದು ಕೋರೆಹಲ್ಲನ್ನು ರುಮಾಲಿನೊಳಗೆ ಸಿಕ್ಕಿಸಿಕೊಂಡಿದ್ದ. ಮೇಲಿಂದ ನೋಡುತ್ತಿದ್ದ ಇಂದ್ರ ರುಮಾಲಿನಿಂದ ಅದನ್ನು ಎಗರಿಸಿಕೊಂಡು ಸ್ವರ್ಗಕ್ಕೆ ಹೋದ.

ಹಲ್ಲಿನ ಮಾತು ಬಂತು. ಪೆಪ್ಪೆ ಅಗೆಯುತ್ತಿದ್ದ ಸುತ್ತಮುತ್ತಲೇ, ಅದೇ ಕಾಲದಲ್ಲಿ, ಆಂಟನ್ ಫ್ಯೂರರ್ ಎಂಬ ಸರ್ಕಾರಿ ಪುರಾತತ್ವಜ್ಞ ಬರ್ಮಾದ ಊ ಮಾ ಎಂಬ ಭಿಕ್ಖುವಿಗೆ ಬುದ್ಧಧಾತುಗಳನ್ನು, ಅಂದರೆ ಬುದ್ಧನ ದೇಹದ ಅವಶೇಷಗಳನ್ನು, ಕಳಿಸುತ್ತಿದ್ದ. ಅದರಲ್ಲೊಂದು ಬುದ್ಧನ ಹಲ್ಲು. ಹಲ್ಲು ಸ್ವಲ್ಪ ದೊಡ್ಡದಾಯಿತಲ್ಲ ಎಂಬ ಸಂಶಯಕ್ಕೆ ಫ್ಯೂರರ್ ಕೊಟ್ಟ ಉತ್ತರ, ಸಂಪ್ರದಾಯದ ಪ್ರಕಾರ ಬುದ್ಧ ಸಾಮಾನ್ಯ ಮನುಷ್ಯರಿಗಿಂತ ಬಹಳ ಎತ್ತರವಿದ್ದ. ಪರೀಕ್ಷಿಸಿದರೆ ಅದು ಕುದುರೆಯ ಹಲ್ಲು. 1898ರಲ್ಲೇ ರಾಜೀನಾಮೆ ಕೊಟ್ಟು ಹೋದ. ಕನ್ನಡದ ಅರ್ಥದಲ್ಲಿ ಡುಪ್ಲಿಕೇಟ್ ಎಂದರೆ ಇದು.

ಇದಕ್ಕಿಂತ ಹಳೆಯ ಹಲ್ಲೊಂದಿದೆ. 1560ರಲ್ಲಿ ಪೋರ್ಚುಗೀಸರು ಜಾಫ್ನಾ ದೋಚಿದಾಗ ಬುದ್ಧನದೆಂದು ಪೂಜೆಗೊಳ್ಳುತ್ತಿದ್ದ ಹಲ್ಲು ಅವರಿಗೆ ಸಿಕ್ಕಿ, ಗೋವಾಕ್ಕೆ ಬಂತು. ಬರ್ಮಾದ ಪೆಗುವಿನ ದೊರೆ ಅದಕ್ಕಾಗಿ ಮೂರು ನಾಲ್ಕು ಲಕ್ಷ ಕ್ರುಜಾದೊ ಎಂಬ ಪೋರ್ಚುಗೀಸ್ ನಾಣ್ಯ ಕೊಡಲು ಮುಂದಾದ. ಖಜಾನೆ ಬರಿದಾಗಿದ್ದ ವೈಸರಾಯನ ಬಾಯಲ್ಲಿ ನೀರೂರಿತು. ಆದರೆ ಆರ್ಚ್‌ಬಿಷಪ್ ಗಾಸ್ಪರ್ ವಿಗ್ರಹಾರಾಧನೆಗೆ ಒತ್ತಾಸೆ ಕೂಡದೆಂದು ಹಟ ಹಿಡಿದು, ಎಲ್ಲರೆದುರು ಹಲ್ಲನ್ನು ಒರಳಲ್ಲಿ ಹಾಕಿ ಕುಟ್ಟಿ, ಆ ಪುಡಿಯನ್ನು ಕೆಂಡದಲ್ಲಿ ಸುಟ್ಟು, ಬೂದಿಯನ್ನು ಹೊಳೆಗೆ ಚೆಲ್ಲಿಸಿದ. ನಿಜವಾದ ಹಲ್ಲು ನಮ್ಮಲ್ಲೇ ಭದ್ರವಾಗಿದೆ ಎಂದು ಸಿಂಹಳೀಯರು ತಣ್ಣಗೆ ಹೇಳಿದರು. ಇವತ್ತಿಗೂ ಕ್ಯಾಂಡಿಯಲ್ಲಿ ಅದಕ್ಕೆ ಪೂಜೆ ನಡೆಯುತ್ತದೆ.

ಇದಾಗಿ ಸುಮಾರು ಹತ್ತು ವರ್ಷ. 1571ರಲ್ಲಿ ವೆನಿಸ್ಸಿನ ಅಧಿಪತಿಯು ಅದೇ ಪೋರ್ಚುಗಲ್ಲಿನ ದೊರೆ ಸೆಬಾಸ್ಟಿಯನ್ನನಿಗೆ ಸಂತ ಜೋಸಫಾತನ ಪವಿತ್ರ ಮೂಳೆಯನ್ನು ಕಾಣಿಕೆಯಾಗಿ ಕೊಟ್ಟ. ದೊರೆ ಭಕ್ತಿಯಿಂದ ಸ್ವೀಕರಿಸಿದ. ಯಾರೀ ಜೋಸಫಾತ? ಭಾರತದ ರಾಜಕುಮಾರ. ಹುಟ್ಟಿದಾಗ ಜ್ಯೋತಿಷಿ ನುಡಿದ ಭವಿಷ್ಯಕ್ಕೆ ಹೆದರಿ ತಂದೆ ಅರಮನೆಯೊಳಗೇ ಬೆಳೆಸಿದ; ಹೊರಗೆ ಬಂದಾಗ ರೋಗಿಯನ್ನೂ ಮುದುಕನನ್ನೂ ಕಂಡು ವೈರಾಗ್ಯ ತಾಳಿದ. ಎಲ್ಲೋ ಕೇಳಿದ ಹಾಗಿದೆಯೇ? ‘ಬೋಧಿಸತ್ತ್ವ’ ಪಶ್ಚಿಮಕ್ಕೆ ನಡೆಯುತ್ತ ಅರಬ್ಬಿಯಲ್ಲಿ ‘ಬೂದಾಸಫ್’ ಆದ. ಅರಬ್ಬಿ ಲಿಪಿಯಲ್ಲಿ ‘ಬ’ಗೆ ಕೆಳಗೆ ಒಂದು ಚುಕ್ಕೆ, ‘ಯ’ಗೆ ಎರಡು. ಯಾವನೋ ಲಿಪಿಕಾರನ ಲೇಖನಿಯಿಂದ ಒಂದು ಚುಕ್ಕೆ ಹೆಚ್ಚಿಗೆ ಬಿತ್ತು, ‘ಯೂದಾಸಫ್’ ಆದ. ಜಾರ್ಜಿಯನ್, ಗ್ರೀಕ್ ದಾಟಿ ಲ್ಯಾಟಿನ್ನಿಗೆ ಬರುವಷ್ಟರಲ್ಲಿ ಜೋಸಫಾತ. ಕ್ಯಾಥೊಲಿಕ್ ಸಂತರ ಪಟ್ಟಿಯಲ್ಲಿ ನವೆಂಬರ್ 27 ಅವನ ದಿನವಾಯಿತು. ಗೋವಾದಲ್ಲಿ ಬುದ್ಧನ ಹಲ್ಲು ಕುಟ್ಟಿದ ರಾಜ್ಯವೇ ಲಿಸ್ಬನ್ನಿನಲ್ಲಿ ಬುದ್ಧನ ಮೂಳೆಗೆ ಮಂಡಿಯೂರಿತು. ಒಂದು ಚುಕ್ಕೆಯ ಮಹಿಮೆ. ಅದು ಯಾರ ಮೂಳೆಯೋ ಎಂದು ಕೇಳಬೇಡಿ, ಕುದುರೆಯದಲ್ಲದಿದ್ದರೆ ಸಾಕು.

ಇನ್ನು ಆ ಸೂತ್ರಕ್ಕೆ ಬರೋಣ: ಮೂಳೆ ಅವರಿಗೆ, ಮುತ್ತು ನಮಗೆ. ಮೈಂಡ್‌ಫುಲ್‌ನೆಸ್ ಎಂಬ ಜಾಗತಿಕ ವ್ಯಾಪಾರ ಇದೇ ಅಲ್ಲದೆ ಮತ್ತೇನು? ಪಾಲಿಯ ‘ಸತಿ’ ಸಂಸ್ಕೃತದ ಸ್ಮೃತಿ, ಅಂದರೆ ನೆನಪು. ಸಿಲೋನಿನಲ್ಲಿ ಅಧಿಕಾರಿಯಾಗಿದ್ದ ರೀಸ್ ಡೇವಿಡ್ಸ್ 1881ರಲ್ಲಿ ಅದಕ್ಕೆ ಈ ಇಂಗ್ಲಿಷ್ ಪದ ಹಾಕಿದರು. 1979ರಲ್ಲಿ ಜಾನ್ ಕಬಟ್-ಜಿನ್ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಯಲ್ಲಿ ಎಂಟು ವಾರಗಳ ಕೋರ್ಸು ಮಾಡಿದರು. ಒಂದು ಒಣದ್ರಾಕ್ಷಿ ಕೈಗಿಡುತ್ತಾರೆ. ನೋಡಿ, ಸವರಿ, ಮೂಸಿ, ನಿಧಾನಕ್ಕೆ ಅಗಿಯಬೇಕು. ಅದರಿಂದ ಹಳೆಯ ಬೆನ್ನುನೋವಿನವರಿಗೆ ನೆಮ್ಮದಿ ಸಿಕ್ಕರೆ ಯಾರ ಗಂಟೇನೂ ಹೋಗುವುದಿಲ್ಲ. ತಕರಾರು ಒಣದ್ರಾಕ್ಷಿಯ ಮೇಲಲ್ಲ, ಅದರ ಹಿಂದೆ ಬಂದ ಆ್ಯಪುಗಳ ಮೇಲೆ.

ಸತಿಯನ್ನು ಕಲಿಸುವ ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ಉಸಿರಾಟ ಮೊದಲ ಮೆಟ್ಟಿಲು ಮಾತ್ರ. ಆ್ಯಪು ಅಲ್ಲೇ ಚಾಪೆ ಹಾಸಿ ಮಲಗಿಸುತ್ತದೆ, ಅಕ್ಷರಶಃ. ನಿದ್ದೆ ಬರಿಸುವುದೇ ಅದರ ದೊಡ್ಡ ಮಾರಾಟ. ಎಚ್ಚರಗೊಂಡವನ ಹೆಸರಲ್ಲಿ ನಿದ್ದೆ ಮಾರುವುದು ಸಣ್ಣ ಸಾಹಸವಲ್ಲ. ಸುತ್ತ ಮುಂದಕ್ಕೆ ಹೋಗಿ, ಈ ದೇಹ ಎರಡು ಬಾಯಿಯ ಚೀಲ ಎನ್ನುತ್ತದೆ. ಬಿಚ್ಚಿ ‘ಇದು ಭತ್ತ, ಇದು ಹೆಸರು, ಇದು ಎಳ್ಳು’ ಎಂದು ಗುರುತಿಸುವ ಹಾಗೆ ಕೂದಲು, ಉಗುರು, ಹಲ್ಲು, ಪಿತ್ತ, ಕಫ, ಕೀವು, ಸಿಂಬಳ, ಮೂತ್ರ ಎಂದು ಮೂವತ್ತೊಂದನ್ನೂ ಎಣಿಸಬೇಕು. ಆಮೇಲೆ ಸ್ಮಶಾನ, ಒಂಬತ್ತು ಹಂತ. ಸತ್ತು ಮೂರು ದಿನವಾಗಿ ಊದಿ ನೀಲಿಗಟ್ಟಿದ ಹೆಣ, ಕಾಗೆ ಹದ್ದು ಕುಕ್ಕಿದ್ದು, ಮಾಂಸ ಮೆತ್ತಿದ ಅಸ್ಥಿಪಂಜರ, ಶಂಖದಂತೆ ಬಿಳಿಯಾದ ಮೂಳೆ, ಕೊನೆಗೆ ಪುಡಿ. ಪ್ರತಿ ಹಂತದಲ್ಲೂ ‘ನನ್ನ ದೇಹದ ಗತಿಯೂ ಇದೇ’ ಎನ್ನಬೇಕು. ಇದನ್ನು ಮಳೆಯ ಸದ್ದಿನ ಹಿನ್ನೆಲೆಯಲ್ಲಿ, ಪಿಸುದನಿಯಲ್ಲಿ, ಪ್ರೀಮಿಯಂ ಚಂದಾದಾರರಿಗೆ ಯಾವ ಆ್ಯಪೂ ಓದಿ ಹೇಳಿ ಮಲಗಿಸುವುದಿಲ್ಲ.

ಫಲಶ್ರುತಿಯಲ್ಲಂತೂ ವ್ಯಾಪಾರಕ್ಕೆ ಭಾರಿ ಅಪಾಯ. ಏಳು ವರ್ಷ, ಇಲ್ಲವೇ ಏಳೇ ದಿನ ಸರಿಯಾಗಿ ಮಾಡಿದರೂ ಎರಡರಲ್ಲೊಂದು ಗ್ಯಾರಂಟಿ: ಪೂರ್ಣ ಮುಕ್ತನಾದ ಅರ್ಹಂತನಾಗುತ್ತಾನೆ, ಅಥವಾ ಅನಾಗಾಮಿ. ಅನಾಗಾಮಿ ಎಂದರೆ ಮತ್ತೆ ಬಾರದವನು. ವರ್ಷವರ್ಷ ಚಂದಾ ನವೀಕರಣ ನಂಬಿದವನಿಗೆ ಇದಕ್ಕಿಂತ ಕೆಟ್ಟ ಗಿರಾಕಿ ಉಂಟೆ? ಫ್ರಾನ್ಸಿನ ಗೆರ್ಲಾನ್ ಕಂಪನಿ ಇಷ್ಟು ಮುಜುಗರಪಡಲಿಲ್ಲ. 1989ರಲ್ಲೇ ‘ಸಂಸಾರ’ ಎಂಬ ಹೆಸರಿನ ಸುಗಂಧವನ್ನು ಸೀಸೆಗೆ ತುಂಬಿ ಮಾರಿತು. ಯಾವುದರಿಂದ ಪಾರಾಗಲು ಸಿದ್ಧಾರ್ಥ ಅರಮನೆ ಬಿಟ್ಟನೋ ಅದು, ಮಣಿಕಟ್ಟಿಗೆ ಎರಡು ಹನಿ.

ಅಷ್ಟಾಂಗ ಮಾರ್ಗದ ಎಂಟರಲ್ಲಿ ಸಮ್ಯಕ್ ಸ್ಮೃತಿ ಏಳನೆಯದು. ಅದಕ್ಕೆ ಮುಂಚೆ ಮಾತು, ನಡತೆ, ಜೀವನೋಪಾಯ ಎಲ್ಲ ಬರುತ್ತವೆ. ಶಸ್ತ್ರ, ಜೀವಿಗಳು, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರ ಉಪಾಸಕನಿಗೆ ನಿಷಿದ್ಧ. ಇದೆಲ್ಲ ಮೂಳೆ, ಕಡಿಯಲು ಕಷ್ಟ. ಏಳನೆಯದೊಂದನ್ನು ಕಳಚಿಕೊಂಡು ಹೋಗಿ ಅಮೆರಿಕದ ಮೆರೀನ್ ಸೈನಿಕರಿಗೂ ತರಬೇತಿ ಕೊಟ್ಟರು. ಅಮೆಜಾನ್ ಕಂಪನಿ 2021ರಲ್ಲಿ ಗೋದಾಮಿನ ನೌಕರರಿಗೆ ‘ಅಮಾಝೆನ್’ ಎಂಬ ಪೆಟ್ಟಿಗೆ ತೋರಿಸಿತು. ಒಬ್ಬರು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಕಂಪ್ಯೂಟರಿನ ಮುಂದೆ ಕೂತು ಶಾಂತಿ ಪಡೆಯಬೇಕು. ಜನ ನಕ್ಕ ರಭಸಕ್ಕೆ ವಿಡಿಯೊ ಅಳಿಸಿದರು. ಪಿಪ್ರಾಹ್ವಾದಲ್ಲಿ ಬುದ್ಧನ ಕುಲದವರಾದ ಶಾಕ್ಯರು ಪೆಟ್ಟಿಗೆಯಲ್ಲಿಟ್ಟದ್ದು ಸತ್ತವರ ಮೂಳೆಯನ್ನು. ಇವರು ಜೀವಂತ ಇದ್ದವರನ್ನೇ ಇಟ್ಟರು. ಕೆಲಸದ ವೇಗ ತಗ್ಗಿಸಿ ಎಂದು ಕೇಳಿದವನಿಗೆ ಉಸಿರಾಟ ಗಮನಿಸು ಎನ್ನುವುದು ತಮಾಷೆಯ ವಿಷಯವಲ್ಲ. ದುಃಖಕ್ಕೆ ಕಾರಣವಿದೆ ಎಂಬುದು ಎರಡನೆಯ ಆರ್ಯಸತ್ಯ. ಕಾರಣ ಕಂಪನಿಯ ಗಡಿಯಾರದಲ್ಲಿದ್ದರೂ ಅದನ್ನು ನೌಕರನ ತಲೆಯೊಳಗೇ ಹುಡುಕಿಸುವುದು ಮೋಸ, ಶುದ್ಧ ಮೋಸ.

ಅಂದಹಾಗೆ, ರತ್ನಗಳು ಬಂದವು. ಭಾರತ ಸರ್ಕಾರದ ಲೀಗಲ್ ನೋಟಿಸಿಗೆ ಹರಾಜು ನಿಂತಿತು, 2025ರ ಜುಲೈ 30ರಂದು ಪೆಟ್ಟಿಗೆ ದೆಹಲಿಗೆ ಬಂತು, 127 ವರ್ಷಗಳ ಬಳಿಕ ಮನೆಗೆ ಮರಳಿದ ಪರಂಪರೆ ಎಂದು ಸಂಭ್ರಮವಾಯಿತು. ಮರಳಿದ್ದು ಹೇಗೆ? ಗೋದ್ರೆಜ್ ಇಂಡಸ್ಟ್ರೀಸ್ ಸಮೂಹದ ಪಿರೋಜ್‌ಶಾ ಗೋದ್ರೆಜ್ ಕೊಂಡು ತಂದರು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಗೆ ಕೊನೆಗೂ ಬೀಗಕ್ಕೆ ಹೆಸರಾದ ಮನೆತನದವರೊಬ್ಬರು ಸಿಕ್ಕರು. ಅವರನ್ನು ದೂರುವುದಿಲ್ಲ, ಅವರು ಕೊಳ್ಳದಿದ್ದರೆ ಯಾರದೋ ಬೈಠಕ್‌ಖಾನೆಯ ಗಾಜಿನ ಕಪಾಟಿನಲ್ಲಿ ಇರುತ್ತಿದ್ದವು. ಆದರೆ ಕೊಟ್ಟ ಬೆಲೆ ಎಷ್ಟೆಂದು ಹೊರಗೆ ಬಿಡಲಿಲ್ಲ. ಇದು ಆ ‘ಪಾರದರ್ಶಕ’ ದಾರಿಯ ಕೊನೆಯ ತಿರುವು.

ಒಯ್ಯುವಾಗ ಯಾರೂ ಬೆಲೆ ಕೊಡಲಿಲ್ಲ. ಅದನ್ನು ಮಾರಲು ನಾಚದವರಿಗೆ ದುಡ್ಡು ಸಿಕ್ಕಿತು, ಕೂಗಲು ಹೊರಟವರಿಗೆ ಕೃತಜ್ಞತೆ ಸಿಕ್ಕಿತು. ನಾವು ಚಪ್ಪಾಳೆ ತಟ್ಟಿದೆವು. ರತ್ನಗಳ ದೊಡ್ಡ ಪಾಲು ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ಐದು ವರ್ಷ ಇರುತ್ತದಂತೆ, ಕಡವಾಗಿ. ಕರಂಡಕದ ಮೇಲೆ ಬ್ರಾಹ್ಮಿಯಲ್ಲಿ ಕೊರೆದ ಒಂದೇ ಸಾಲಿನಲ್ಲಿ ಶಾಕ್ಯರು ತಮ್ಮ ಸೋದರ ಸೋದರಿಯರು, ಮಕ್ಕಳು, ಹೆಂಡಿರ ಸಮೇತ ಭಗವಾನ್ ಬುದ್ಧನ ಈ ಧಾತುಗಳನ್ನು ಇರಿಸಿದ್ದೇವೆ ಎಂದಿದ್ದಾರೆ. ಅವಧಿ ಬರೆದಿಲ್ಲ.