ಗಾಳಿ ಕುಡಿಯೋಕೆ ಬಂದ ಭಾವ

ಮಡಿಕೇರಿಯಲ್ಲಿ ಈಚೆಗೆ ನಮಗೆಲ್ಲ ಒಂದು ಹೊಸ ಹೆದರಿಕೆ ಶುರುವಾಗಿದೆ. ಶುದ್ಧ ಗಾಳಿಯ ಊರುಗಳ ಪಟ್ಟಿಯಲ್ಲಿ ನಮ್ಮೂರ ಹೆಸರು ಪೇಪರಿನಲ್ಲಿ ಬಂತೋ, ಆ ಶನಿವಾರವೇ ಕಾರುಗಳ ಸಾಲು ಘಾಟಿ ಹತ್ತುತ್ತದೆ. ಎಲ್ಲರೂ ಬರುವುದು ಒಂದೇ ಕೆಲಸಕ್ಕೆ. ಉಸಿರಾಡೋಕೆ.

ಕಳೆದ ಫೆಬ್ರವರಿಯಲ್ಲಿ ನಮ್ಮ ಭಾವನೂ ಹೊರಟರು. "ಏನಯ್ಯಾ, ನಿಮ್ಮೂರ ಎಕ್ಯುಐ ಬರೀ 42 ಅಂತೆ! ನಿಮ್ಮಕ್ಕನ್ನ, ಮಕ್ಕಳನ್ನ ಕರ್ಕೊಂಡು ಬರ್ತಾ ಇದ್ದೀನಿ. ಎರಡು ದಿನ ಗಾಳಿ ಕುಡಿದು ಹೋಗ್ತೀವಿ" ಎಂದು ಫೋನ್ ಮಾಡಿದರು. ಎಕ್ಯುಐ ಅಂದರೆ ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಸೂಚ್ಯಂಕ, ಕಡಿಮೆ ಇದ್ದಷ್ಟೂ ಒಳ್ಳೆಯದು.

ಬೆಂಗಳೂರಿನಿಂದ ಇಲ್ಲಿಗೆ ಹತ್ತಿರ ಹತ್ತಿರ 260 ಕಿಲೋಮೀಟರ್. ಹೋಗಿ ಬರೋಕೆ ಭಾವನ ಕಾರು 35 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಒಂದು ಲೀಟರ್ ಸುಟ್ಟರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್. ಅಂದರೆ ಭಾವನ ಶ್ವಾಸಕೋಶಕ್ಕೆ ಎರಡು ದಿನ ರಜೆ ಕೊಡಿಸಲು 80 ಕೆಜಿ ಹೊಗೆ. ಗಾಬರಿ ಬೇಡ. ಎಕ್ಯುಐ ಲೆಕ್ಕ ಹಿಡಿಯುವ ಎಂಟು ಮಾಲಿನ್ಯಕಾರಕಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿಲ್ಲ. ಲೆಕ್ಕಕ್ಕೆ ಬಾರದ್ದು ಇಲ್ಲವೇ ಇಲ್ಲ, ಅಲ್ವಾ?

ಇನ್ನು ಎಕ್ಯುಐ ಪಟ್ಟಿಯಲ್ಲಿ ಒಳ್ಳೆಯ ಗಾಳಿಗೆ ಹಚ್ಚುವ 'ಉತ್ತಮ' ಎಂಬ ಹಸಿರು ಬಣ್ಣದ ಕಥೆ. ನಮ್ಮ ದೇಶದ ಲೆಕ್ಕದಲ್ಲಿ ಪಿಎಂ 2.5 ಎಂಬ ಸಣ್ಣ ದೂಳು ಒಂದು ಘನ ಮೀಟರ್ ಗಾಳಿಯಲ್ಲಿ 30 ಮೈಕ್ರೋಗ್ರಾಂ ಇರುವ ತನಕ ಗಾಳಿ ಉತ್ತಮ. 60ರ ತನಕ ತೃಪ್ತಿಕರ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನವೊಂದಕ್ಕೆ ಹಾಕಿದ ಗೆರೆ 15. ಅವರ ಗೆರೆಯ ಎರಡರಷ್ಟು ದೂಳು ನುಂಗಿದರೂ ನಮ್ಮಲ್ಲಿ ಉತ್ತಮ, ನಾಲ್ಕರಷ್ಟು ನುಂಗಿದರೆ ತೃಪ್ತಿ. ತೃಪ್ತಿ ಯಾರಿಗೆ ಅಂತ ಮಾತ್ರ ಬರೆದಿಲ್ಲ.

ಅಳೆಯುವ ಯಂತ್ರ ಇರುವುದು ಸ್ಟುವರ್ಟ್ ಹಿಲ್‌ನಲ್ಲಿ. ಪಾಪ, ಅದರದ್ದೇನೂ ತಪ್ಪಿಲ್ಲ. ತನ್ನ ಮೂಗಿಗೆ ಬಂದದ್ದನ್ನು ಹೇಳುತ್ತದೆ. ಇಡೀ ದಿನದ 24 ಗಂಟೆಗಳ ಸರಾಸರಿ ತೆಗೆದು ಸಂಜೆ ನಾಲ್ಕಕ್ಕೆ ದೆಹಲಿಯಿಂದ ಪಟ್ಟಿ ಬರುತ್ತದೆ. ಮಧ್ಯಾಹ್ನ ತಿಮ್ಮಯ್ಯ ವೃತ್ತದಲ್ಲಿ ಗಾಡಿಗಳು ಇಂಜಿನ್ ಆರಿಸದೆ ನಿಂತಿದ್ದ ಪಾಪವೆಲ್ಲ, ರಾತ್ರಿ ಊರು ಗೊರಕೆ ಹೊಡೆದ ಪುಣ್ಯದಲ್ಲಿ ವಜಾ.

ನಿಜ ಹೇಳಬೇಕೆಂದರೆ ಈ ಊರಿನ ಗಾಳಿಯನ್ನು ತೊಳೆಯುವ ಕೂಲಿ ಒಬ್ಬನೇ. ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ದುಡಿಯುತ್ತದೆ. ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿಲಿಮೀಟರ್ ದಾಟುವುದು ಇಲ್ಲಿ ಅಪರೂಪವಲ್ಲ. ಆದರೆ ಬಿರುದು ಬಂದಾಗ ಫ್ಲೆಕ್ಸ್‌ನಲ್ಲಿ ಕೈ ಮುಗಿದು ನಿಲ್ಲುವವರು ಬೇರೆ. ನಾನೂ ಏನು ಕಮ್ಮಿಯಿಲ್ಲ, ಮದುವೆ ಮನೆಗಳಲ್ಲಿ ಈ ಗಾಳಿಯನ್ನು ನಾನೇ ಬೀಸಿದವನ ಹಾಗೆ ಮಾತಾಡಿದ್ದೇನೆ.

ಮಳೆ ರಜೆಗೆ ಹೋದ ಮೇಲೆ ನಮ್ಮ ಕೈಚಳಕ ಶುರು. ಚಳಿ ಬೆಳಗಿನಲ್ಲಿ ತಣ್ಣನೆ ಗಾಳಿ ಕಣಿವೆಯಲ್ಲೇ ಕೂತಿರುತ್ತದೆ, ಮೇಲೇಳುವುದಿಲ್ಲ. ಅದರೊಳಗೆ ಹಂಡೆ ಒಲೆಯ ಹೊಗೆ, ಅಂಗಳದ ತರಗೆಲೆ ಸುಟ್ಟ ಹೊಗೆ, ರಸ್ತೆ ಬದಿ ಕಸದ ಹೊಗೆ ಎಲ್ಲ ಸೇರಿ ಬಿಳಿ ಚಾದರ ಹಾಸಿದಂತೆ ಕಾಣುತ್ತದೆ.

ಭಾವ ರಾಜಾಸೀಟಿನಲ್ಲಿ ನಿಂತು "ಅಬ್ಬಾ, ಏನು ಮಂಜು!" ಎಂದು ಎದೆಯುಬ್ಬಿಸಿ ಎಳೆದುಕೊಂಡರು.

"ಭಾವ, ಮಂಜಿಗೆ ಪ್ಲಾಸ್ಟಿಕ್ ವಾಸನೆ ಇರಲ್ಲ" ಎಂದೆ.

ಅಷ್ಟರಲ್ಲಿ ಫೋಟೋ ಸ್ಟೇಟಸ್‌ಗೆ ಹೋಗಿಯಾಗಿತ್ತು. ಆಫೀಸಿನ ಹನ್ನೊಂದು ಮಂದಿ ಹೊಟ್ಟೆ ಉರಿಸಿಕೊಂಡರಂತೆ. ಅದೂ ಒಂದು ಹೊಗೆಯೇ, ಬಿಡಿ.

ಮಧ್ಯಾಹ್ನ ಮಾಂದಲ್‌ಪಟ್ಟಿ. ಜೀಪಿನ ಹಿಂದೆ ಜೀಪು, ಅದರ ಹಿಂದೆ ಇನ್ನೊಂದು. ಮುಂದಿನ ಜೀಪು ಬಿಟ್ಟ ಡೀಸೆಲ್ ಹೊಗೆಯನ್ನು ಹಿಂದಿನವರು ಕುಡಿಯಬೇಕು, ಅವರದ್ದನ್ನು ಅವರ ಹಿಂದಿನವರು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬೆಟ್ಟ ಹತ್ತಿದಳು. ಮೇಲೆ ಹೋಗಿ ಎರಡು ನಿಮಿಷ ಸೆರಗು ತೆಗೆದಳು. ಮತ್ತೆ ಜೀಪು ಹತ್ತಿದಳು.

ಅವರು ಉಳಿದಿದ್ದ ಹೋಮ್‌ಸ್ಟೇಯಲ್ಲಿ ರಾತ್ರಿ 'ಕ್ಯಾಂಪ್ ಫೈರ್ ಉಚಿತ'. ಅತ್ತ ಅರಣ್ಯ ಇಲಾಖೆಯವರು ಬೇಸಿಗೆ ಬಂತೆಂದು ಕಾಡಿನಲ್ಲಿ ಬೆಂಕಿ ರೇಖೆ ಸವರುತ್ತಾರೆ, ಒಂದು ಕಿಡಿಯೂ ಬೀಳಬಾರದೆಂದು ಕಾಯುತ್ತಾರೆ. ಇತ್ತ ನಾವು ಹಸಿ ಸಿಲ್ವರ್ ಓಕ್ ಕೊರಡಿಗೆ ಸೀಮೆಎಣ್ಣೆ ಹೊಯ್ದು ಊದುತ್ತಾ ಕೂತಿದ್ದೆವು. ಬೆಂಕಿ ಹತ್ತಲಿಲ್ಲ, ಹೊಗೆ ಚೆನ್ನಾಗಿ ಹತ್ತಿತು. ಭಾವ ಕೆಮ್ಮಿದರು, ಕಣ್ಣೊರೆಸಿಕೊಂಡರು. ಆಮೇಲೆ ಫೋನ್ ತೆಗೆದು ನೋಡಿ "ಏನೂ ಇಲ್ಲ ಕಣೋ, ಇನ್ನೂ ಹಸಿರೇ ತೋರಿಸ್ತಾ ಇದೆ" ಎಂದು ಮಕ್ಕಳನ್ನು ಬೆಂಕಿಯ ಹತ್ತಿರಕ್ಕೆ ಕರೆದರು.

"ಶುದ್ಧ ಗಾಳಿಯೇ ಬೇಕಿದ್ದರೆ ಜುಲೈನಲ್ಲಿ ಬನ್ನಿ ಭಾವ" ಎಂದೆ.

"ಛೇ, ಆ ಮಳೆಯಲ್ಲಿ ಯಾರು ಬರ್ತಾರೋ! ಕಿಟಕಿ ತೆಗೆಯೋಕೂ ಆಗಲ್ಲ."

ಭಾನುವಾರ ಸಂಜೆ ಹೊರಟರು. ಅವರ ಜೊತೆ ಊರಿಗೆ ಬಂದಿದ್ದ ಕಾರುಗಳೂ ಹೊರಟವು. ರಾತ್ರಿ ರಸ್ತೆ ಖಾಲಿಯಾಯಿತು, ನಮಗೂ ನಿದ್ದೆ ಬಂತು.

ಮಂಗಳವಾರ ಭಾವನ ಮೆಸೇಜು: "ನಾವು ಬಂದ ಮೇಲೆ ನಿಮ್ಮೂರದ್ದು 36ಕ್ಕೆ ಇಳಿದಿದೆಯಲ್ಲೋ! ಈ ಶನಿವಾರ ಮತ್ತೆ ಬರ್ತೀವಿ. ತಮ್ಮನ ಮನೆಯವರೂ ಬರ್ತಾರೆ. ಎರಡು ಕಾರು."