ಜೊಂಡಿನ ಗೋಡೆ, ಐನ್‌ಮನೆಯ ಮಾಡು

ಹೋದ ವರ್ಷದ ಕಕ್ಕಡ ತಿಂಗಳಲ್ಲಿ, ನನ್ನೂರು ಕೊಡಗಿನಲ್ಲಿ ಮಳೆ ಬಿಡದೆ ಹಿಡಿದುಕೊಂಡಿದ್ದ ವಾರದಲ್ಲೇ, ನಾನು ಹನ್ನೊಂದು ವರ್ಷಗಳಿಂದ ಬಾಡಿಗೆಗಿರುವ ಮೇಘಾಲಯದ ಶಿಲಾಂಗಿನ ಮನೆಯ ಗೋಡೆಯಿಂದ ಅಂಗೈಯಗಲದ ಗಾರೆ ಕಳಚಿ ಬಿತ್ತು. ಇಲ್ಲಿಯ ಹಳೆಯ ಮನೆಗಳ ಗೋಡೆ ಹಗುರವೆಂದು ಕೇಳಿ ಗೊತ್ತಿದ್ದರೂ ಅದರ ಒಳಗನ್ನು ಕಣ್ಣಾರೆ ಕಂಡದ್ದು ಅಂದೇ. ಬೆರಳುಗಾತ್ರದ ಜೊಂಡಿನ ಕಡ್ಡಿಗಳು ಒತ್ತೊತ್ತಾಗಿ ನಿಂತಿದ್ದವು. ಸಂದಿಗಳಲ್ಲಿ ಹುಲ್ಲಿನ ಚೂರು ಬೆರೆತ ಮಣ್ಣು ಒಣಗಿ ಕಚ್ಚಿಕೊಂಡಿತ್ತು. ಮನೆಯೊಡತಿಯನ್ನು ನಾನು ಇಲ್ಲಿಯವರಂತೆಯೇ ‘ಕೋಂಗ್’ ಎಂದು ಕರೆಯುತ್ತೇನೆ. ನಮ್ಮ ಅಕ್ಕ ಎಂಬ ಮಾತಿಗೆ ಸಮನಾದ ಖಾಸಿ ಮಾತು ಅದು. ಅವರು ಬಂದು ನೋಡಿ, ಮಧ್ಯಾಹ್ನದ ಹೊತ್ತಿಗೆ ವಯಸ್ಸಾದ ಬಡಗಿಯೊಬ್ಬರನ್ನು ಕರೆಸಿದರು. ಆತ ಕಂಕುಳಲ್ಲಿ ಜೊಂಡಿನ ಕಟ್ಟು, ಕೈಯಲ್ಲಿ ಕಲಸಿದ ಮಣ್ಣಿನ ಬಕೆಟ್ಟು ಹಿಡಿದು ಬಂದು, ಮುರಿದ ಕಡ್ಡಿಗಳನ್ನು ಎಳೆದು ತೆಗೆದು, ಹೊಸದನ್ನು ಸಿಕ್ಕಿಸಿ, ಅಂಗೈಯಿಂದಲೇ ಮಣ್ಣು ಮೆತ್ತಿ ಸವರಿ, ಚಹಾ ಕುಡಿದು ಹೋದರು. ಅದೇ ರಾತ್ರಿ ಊರಿನಿಂದ ತಮ್ಮನ ಫೋನು ಬಂತು.

“ಅಣ್ಣ, ಹೊಸ ಮನೆಯ ಹಾಲಿನಲ್ಲಿ ಮೂರು ಬಕೆಟ್ ಇಟ್ಟಿದ್ದೇನೆ. ತಾರಸಿ ಎಲ್ಲಿ ಸೋರುತ್ತದೆಂದು ಯಾರಿಗೂ ಗೊತ್ತಾಗುತ್ತಿಲ್ಲ. ಮೇಲೆ ಶೀಟ್ ಹಾಕಿಸಬೇಕಂತೆ.”

ಆ ಮನೆ ಒಕ್ಕಲಾಗಿ ಇನ್ನೂ ಮೂರು ಮಳೆಗಾಲ ಕಳೆದಿರಲಿಲ್ಲ. ಫೋನು ಇಟ್ಟ ಮೇಲೆ ಬಹಳ ಹೊತ್ತು ನನಗೆ ನಿದ್ದೆ ಬರಲಿಲ್ಲ.

ಶಿಲಾಂಗಿನ ಮನೆಗಳು ಮೊದಲು ಹೀಗಿರಲಿಲ್ಲ. 1874ರಲ್ಲಿ ಅಸ್ಸಾಂ ಪ್ರಾಂತ್ಯದ ರಾಜಧಾನಿಯಾದ ಮೇಲೆ ಬ್ರಿಟಿಷರು ಇಲ್ಲಿ ಕಲ್ಲಿನ ಕಟ್ಟಡಗಳನ್ನು ಎಬ್ಬಿಸಿದ್ದರು. 1897ರ ಜೂನ್ 12ರ ಸಂಜೆ ಭೂಮಿ ನಡುಗಿದಾಗ ಆ ಕಲ್ಲಿನ ಮನೆಗಳು, ಇಗರ್ಜಿ, ಕಚೇರಿಗಳೆಲ್ಲ ಕ್ಷಣಮಾತ್ರದಲ್ಲಿ ಕುಸಿದವು. ಆ ಪೆಟ್ಟಿನ ನಂತರ ಕಟ್ಟಿದವರು, ಈ ಸೀಮೆಯ ಜನ ಮೊದಲಿನಿಂದ ಬಲ್ಲ ಜೊಂಡು, ಬಿದಿರು, ಮರದ ಕಸುಬನ್ನೇ ಕೈಗೆತ್ತಿಕೊಂಡರು. ಕಲ್ಲಿನ ತಳಪಾಯ, ಅದರ ಮೇಲೆ ಮರದ ಕಂಬಗಳು, ಕಂಬಗಳ ನಡುವೆ ಇಕ್ರಾ ಎಂಬ ಜೊಂಡಿನ ಹಲಗೆಗಳಿಗೆ ಎರಡೂ ಕಡೆ ಗಾರೆ, ಮೇಲೆ ಇಳಿಜಾರಾದ ತಗಡಿನ ಮಾಡು. ‘ಅಸ್ಸಾಂ ಟೈಪ್’ ಎಂದು ಕರೆಯುವುದು ಇದನ್ನೇ. ಭೂಮಿ ಅಲುಗಿದರೆ ಮರದ ಚೌಕಟ್ಟು ಒಟ್ಟಾಗಿ ತೂಗುತ್ತದೆ, ಗಾರೆ ಬಿರಿಯುತ್ತದೆ, ಒಳಗಿರುವವರು ಉಳಿಯುತ್ತಾರೆ. ನಾನು ಬಂದ ಮೇಲೆ ಸಣ್ಣಪುಟ್ಟ ಕಂಪನಗಳು ಎಷ್ಟೋ ಆಗಿವೆ. ಪ್ರತಿ ಸಲವೂ ಅಟ್ಟದ ತೊಲೆಗಳು ಹಳೆಯ ಎತ್ತಿನ ಗಾಡಿಯಂತೆ ಕಿರುಗುಟ್ಟಿ ಸುಮ್ಮನಾಗಿವೆ.

ನಮಗೆ ಇಂಥ ಪಾಠವನ್ನು ಹೊರಗಿನವರಿಂದ ಕಲಿಯುವ ಅಗತ್ಯವೇ ಇರಲಿಲ್ಲ. ಶಿಲಾಂಗ್ ಪೇಟೆಗಿಂತ ಮಡಿಕೇರಿಗೆ ಹೆಚ್ಚು ಮಳೆ ಬೀಳುತ್ತದೆ; ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆ ಮಳೆಯನ್ನು ನಮ್ಮ ಹಿರಿಯರು ಎದುರು ಹಾಕಿಕೊಳ್ಳದೆ ಮನೆ ಕಟ್ಟಿದ್ದರು. ನಮ್ಮ ಐನ್‌ಮನೆ, ಅಂದರೆ ಇಡೀ ಮನೆತನದ ಮೂಲಮನೆ, ಗದ್ದೆಯ ಮೇಲಿನ ದಿಬ್ಬದಲ್ಲಿ ಮೂಡಣಕ್ಕೆ ಮುಖ ಮಾಡಿ ಕೂತಿದೆ. ದಿಬ್ಬದ ಮಟ್ಟ ಎಷ್ಟಿತ್ತೋ ಅಷ್ಟೇ ಮನೆ, ಅದಕ್ಕಾಗಿ ಗುಡ್ಡವನ್ನು ಕಡಿದಿಲ್ಲ. ಓಣಿ ನೇರವಾಗಿ ಬಾಗಿಲಿಗೆ ಬಾರದೆ ಸುತ್ತಿ ಬಳಸಿ ಬರುವುದರಿಂದ, ಮಳೆಯ ನೀರೂ ಅದೇ ಓಣಿಯಲ್ಲಿ ನಿಧಾನವಾಗಿ ಇಳಿದು ತೋಡು ಸೇರುತ್ತದೆ. ಮಾಡು ಗೋಡೆಯಿಂದ ಎಷ್ಟು ಮುಂದೆ ಚಾಚಿದೆಯೆಂದರೆ ಜಡಿಮಳೆಯಲ್ಲಿ ಕೈಯಾಲೆಯ, ಅಂದರೆ ಮುಂದಿನ ಜಗಲಿಯ, ಐಮರದ ಮೇಲೆ ಕೂತವರ ಮಂಡಿಗೆ ಹನಿ ಸೋಕುವುದಿಲ್ಲ. ಆ ಐಮರ ಒಂದೇ ಹಲಗೆ. ಅಜ್ಜ ಕೂರುತ್ತಿದ್ದ ಜಾಗದಲ್ಲಿ ಅದು ತುಸು ತಗ್ಗಿ, ಮುಟ್ಟಿದರೆ ಕಲ್ಲಿನಂತೆ ತಣ್ಣಗೆ ನುಣುಪಾಗಿದೆ. ಚಿಕ್ಕಂದಿನಲ್ಲಿ ಅಜ್ಜ ಎದ್ದುಹೋದ ಮೇಲೆ ನಾವು ಅಲ್ಲಿ ಕೆನ್ನೆಯಿಟ್ಟು ಮಲಗುತ್ತಿದ್ದೆವು. ಅಡುಗೆಮನೆಯ ಹೊಗೆ ಅಟ್ಟಕ್ಕೇರಿ ತೊಲೆಗಳನ್ನು ಕರಿಯ ಮಾಡಿತ್ತು. ಆ ಕರಿ ಇರುವಷ್ಟು ದಿನ ಮರಕ್ಕೆ ಹುಳ ಹಿಡಿಯದೆಂಬುದು ಅವ್ವನಿಗೆ ಗೊತ್ತಿತ್ತು, ಗ್ಯಾಸ್ ತಂದುಕೊಟ್ಟ ನನಗೆ ಗೊತ್ತಿರಲಿಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಹೆಮ್ಮೆತ್ತಾಳು, ಕಾಲೂರು, ಜೋಡುಪಾಲದ ಗುಡ್ಡಗಳು ಜರಿದಾಗ ನಾನು ಇಲ್ಲಿಂದ ಹೊರಟು ಊರು ಸೇರಲು ಐದು ದಿನ ಹಿಡಿಯಿತು. ಮರುವರ್ಷ ತೋರ, ಅದರ ಮರುವರ್ಷ ಬ್ರಹ್ಮಗಿರಿ. ಮನೆ, ರಸ್ತೆ, ತೋಟಗಳಿಗಾಗಿ ಗುಡ್ಡದ ಬುಡವನ್ನು ಕಡಿದದ್ದು ಕುಸಿತದ ಕಾರಣಗಳಲ್ಲಿ ಒಂದೆಂದು ಭೂವೈಜ್ಞಾನಿಕ ಸರ್ವೇಕ್ಷಣೆಯವರೇ ಹೇಳಿದರು. ಅಷ್ಟಾದ ಮೇಲೂ ನಾನು ರಜೆಗೆ ಹೋದಾಗಲೆಲ್ಲ ಕಾಣುವುದೇನು? ಹೋಂಸ್ಟೇಗೆಂದು ಹಿಟಾಚಿ ತರಿಸಿ ಹತ್ತು ಹದಿನೈದು ಅಡಿಯ ಬರೆಯನ್ನು ನೆಟ್ಟಗೆ ಕಡಿದು, ಆ ಮಣ್ಣನ್ನೇ ಕೆಳಗೆ ತುಂಬಿ, ತುಂಬಿದ ಮಣ್ಣಿನ ಮೇಲೆ ಎರಡಂತಸ್ತಿನ ಕಾಂಕ್ರೀಟು. ಪಡುವಣ ಗಾಳಿಮಳೆ ನೇರವಾಗಿ ಹೊಡೆಯುವ ಕಡೆಗೇ ಆಳೆತ್ತರದ ಗಾಜು, ಅತಿಥಿಗಳಿಗೆ ಬೆಟ್ಟ ಕಾಣಬೇಕೆಂದು. ಮಾಡಿನ ಚಾಚು ಒಂದಡಿಯೂ ಇಲ್ಲ. ಅಲ್ಲಿ ಗೋಡೆಗೆ ಪಾಚಿ ಬಂದ ಮೇಲೆ ದುಬಾರಿ ಬಣ್ಣ, ತಾರಸಿ ಸೋರಿದ ಮೇಲೆ ಅದರ ಮೇಲೊಂದು ಶೀಟಿನ ಮಾಡು. ಕೊನೆಗೂ ಇಳಿಜಾರಿನ ಮಾಡೇ ಬೇಕಾಯಿತಲ್ಲ, ಅದನ್ನು ಮೊದಲೇ ಹಾಕಿದ್ದರೆ ನಡುವಿನ ಸಿಮೆಂಟಿನ ಭಾರ ಆ ಗುಡ್ಡಕ್ಕೆ ತಪ್ಪುತ್ತಿತ್ತು. ಒಂದು ಸಂಜೆಯ ಭೂಕಂಪದಿಂದ ಶಿಲಾಂಗಿನವರು ಮನೆ ಕಟ್ಟುವ ರೀತಿಯನ್ನೇ ಬದಲಿಸಿಕೊಂಡರು. ನಾವು ಮೂರು ಮಳೆಗಾಲ ಹೆಣ ಹುಡುಕಿಯೂ ಬದಲಿಸಿಕೊಳ್ಳಲಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟೇ ಬರುತ್ತದೆ.

ಇನ್ನೊಂದು ಮಾತು. ಕೋಂಗ್ ತಮ್ಮ ತಾಯಿಯ ಕಿರಿಯ ಮಗಳು. ಖಾಸಿಗಳಲ್ಲಿ ಹಿರಿಯರ ಮನೆ ಕಿರಿಯ ಮಗಳಿಗೆ ಬರುತ್ತದೆ. ಮನೆಯ ಜೊತೆಗೆ ಅಪ್ಪ ಅಮ್ಮನ ಆರೈಕೆ, ಕುಲದ ಕಾರ್ಯ, ಗಂಡನನ್ನು ಕಳೆದುಕೊಂಡು ಬಂದ ಅಕ್ಕನಿಗೊಂದು ಕೋಣೆ ಎಲ್ಲವೂ ಅವಳ ಪಾಲಿಗೆ. ಹೀಗಾಗಿ ಗಾರೆ ಬಿದ್ದ ದಿನವೇ ಬಡಗಿಯನ್ನು ಕರೆಯುವವರು ಆ ಮನೆಯಲ್ಲಿ ಯಾವಾಗಲೂ ಒಬ್ಬರಿರುತ್ತಾರೆ. ನಮ್ಮ ಐನ್‌ಮನೆ ಇಡೀ ಒಕ್ಕದ್ದು, ಮನೆತನದ ಎಲ್ಲರದ್ದು. ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಕದಿರು ಹೊತ್ತು ಬಂದಾಗ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮರುವಾರ ಬೀಗ. ಹಂಚೊಂದು ಜಾರಿ, ಹಿರಿಯರಿಗೆ ಎಡೆಯಿಡುವ ಕೋಣೆಯಾದ ಕನ್ನಿಕೊಂಬರೆಯ ಗೋಡೆಗೆ ನೀರಿಳಿದರೆ, ಅದು ಯಾರ ಹಂಚು ಎಂದು ತೀರ್ಮಾನವಾಗುವ ಹೊತ್ತಿಗೆ ಗೋಡೆ ಅರ್ಧ ಕರಗಿರುತ್ತದೆ.

ತಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣ, ನೀನು ವರ್ಷಕ್ಕೆ ಹತ್ತು ದಿನ ಬರುವವನು. ಹಂಚಿನ ಮೇಲೆ ಕೋತಿ ಓಡಾಡಿದ ಮರುದಿನ ಏಣಿ ಹತ್ತುವವನು ನಾನು” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತು ಅಂಥ ಹಲಗೆ, ತೊಲೆಗಳ ಬೆಲೆ ನಮ್ಮಂಥವರ ಕೈಗೆಟಕುವುದಿಲ್ಲ; ಆ ಕೆತ್ತನೆ ಬಲ್ಲ ಬಡಗಿ ಸಿಗುವುದೂ ಕಷ್ಟ. ಅವ್ವನಿಗೆ ಈಗ ಐನ್‌ಮನೆಯ ಎತ್ತರದ ಹೊಸ್ತಿಲು ದಾಟಲಾಗುವುದಿಲ್ಲ. ತಮ್ಮನ ಮನೆಯಲ್ಲಿ ಬಚ್ಚಲು ಕೋಣೆಗೆ ಹೊಂದಿಕೊಂಡೇ ಇದೆ, ಅವಳು ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗುತ್ತಾಳೆ. ಶಿಲಾಂಗನ್ನು ನಾನು ಹೊಗಳಿದಷ್ಟು ಶಿಲಾಂಗ್ ಈಗ ಉಳಿದಿಲ್ಲ ಎಂಬುದನ್ನೂ ಒಪ್ಪಬೇಕು. ನಮ್ಮ ಬೀದಿಯಲ್ಲೇ ಅಸ್ಸಾಂ ಟೈಪ್ ಮನೆಗಳನ್ನು ಒಂದೊಂದಾಗಿ ಕೆಡವಿ, ಅದೇ ಇಳಿಜಾರಿನಲ್ಲಿ ನಾಲ್ಕು ಅಂತಸ್ತು ಏರಿಸುತ್ತಿದ್ದಾರೆ. ಜೊಂಡು, ಮರದ ಮನೆಗೆ ಬೆಂಕಿಯ ಭಯವೂ ಚಿಕ್ಕದಲ್ಲ. ಮೇಘಾಲಯದ ಹಳೆಯ ವಿಧಾನಸಭೆಯ ಕಟ್ಟಡ ಇದೇ ಬಗೆಯದು, 2001ರ ಜನವರಿಯಲ್ಲಿ ಅದು ಸುಟ್ಟು ಬೂದಿಯಾಯಿತು. ಕೋಂಗ್‌ನ ಮಗಳು ಗುವಾಹಟಿಯಲ್ಲಿದ್ದಾಳೆ, ಅವಳಿಗೂ ಕಾಂಕ್ರೀಟಿನ ಮನೆಯೇ ಬೇಕಂತೆ.

ಆದರೂ ಐನ್‌ಮನೆಯ ಮಾಡನ್ನು ಈ ಸಲ ಬಿಡುವುದು ಬೇಡವೆಂದು ತಮ್ಮನಿಗೆ ಹೇಳಿದ್ದೇನೆ. ಹೋದ ತಿಂಗಳು ಅವನು ಸಿದ್ದಾಪುರದ ಕಡೆಯಿಂದ ಒಬ್ಬ ಬಡಗಿಯನ್ನು ಕರೆಸಿ ತೋರಿಸಿದ. ಕನ್ನಿಕೊಂಬರೆಯ ಮೇಲಿನ ಎರಡು ತೊಲೆಗಳ ತುದಿ ಲಡ್ಡಾಗಿದೆ, ಉಳಿದ ಮರ ಇನ್ನೂ ಗಟ್ಟಿಯಿದೆ, ಮಳೆಗೆ ಮೊದಲು ಬದಲಿಸಿದರೆ ಗೋಡೆ ಉಳಿಯುತ್ತದೆ ಎಂದು ಆತ ಹೇಳಿದನಂತೆ. ಒಂದು ತೊಲೆಯ ಹಣವನ್ನು ನಾನು ಕಳಿಸಿದ್ದೇನೆ. ಇನ್ನೊಂದರ ವಿಷಯವನ್ನು ಒಕ್ಕದ ಯಜಮಾನರಾದ ಪಟ್ಟೇದಾರ ದೊಡ್ಡಪ್ಪ ಒಕ್ಕದವರಿಗೆಲ್ಲ ತಿಳಿಸಿದ್ದಾರೆ; ಮೈಸೂರು, ಬೆಂಗಳೂರಿನಲ್ಲಿರುವವರಿಂದ ಉತ್ತರ ಇನ್ನೂ ಬಂದಿಲ್ಲ.